ಯಾರು ಮೊದಲು ಲೈನಿಗೆ

ನನ್ನಂಥ ಆಪ್ತ ಕಾರ್ಯದರ್ಶಿಗಳಿಗೆ ಒಂದು ಹುಚ್ಚಿದೆ. ಇಬ್ಬರು ದೊಡ್ಡವರು ಫೋನಿನಲ್ಲಿ ಮಾತಾಡಬೇಕೆಂದರೆ, ಯಾರು ಮೊದಲು ಲೈನಿಗೆ ಬಂದು ಕಾಯುತ್ತಾರೋ ಅವರು ಚಿಕ್ಕವರು. ನಮ್ಮ ಸಾಹೇಬರು ಕಾಯದಂತೆ ನೋಡಿಕೊಳ್ಳುವುದೇ ನಮ್ಮ ಹೆಚ್ಚುಗಾರಿಕೆ. ನಗಬೇಡಿ, ಈ ಹುಚ್ಚಿನಿಂದಲೇ ನಮ್ಮವರ ಪ್ರಧಾನಿ ಪಟ್ಟ ಕೈತಪ್ಪಿತು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಸಾಹೇಬರಿಗೆ ಬಹುಮತಕ್ಕೆ ಏಳೇ ಏಳು ಮತ ಕಡಿಮೆಯಿತ್ತು. ಒಂಬತ್ತು ಸಂಸದರಿದ್ದ ಸಣ್ಣ ಪಕ್ಷದ ಮುದುಕರು ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿಸಿದರು.

"ನಿಮ್ಮ ಸಾಹೇಬ್ರನ್ನ ಲೈನಿಗೆ ಕರೀರಿ," ಅಂದ ಅವರ ಕಾರ್ಯದರ್ಶಿ.

"ಮೊದ್ಲು ನಿಮ್ಮೋರು ಬರ್ಲಿ. ಇವ್ರು ನಾಳೆ ಪ್ರಧಾನಿ ಕಣ್ರೀ!"

ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಹತ್ತು ನಿಮಿಷ ಜಗ್ಗಾಡಿದೆವು. ಕೊನೆಗೆ ಆ ಕಡೆಯಿಂದ ಮುದುಕರು "ಸಾಕು, ಇಡಯ್ಯಾ" ಅಂದದ್ದು ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಒಂಬತ್ತೂ ಮತ ಎದುರಿನವರ ಪಾಲಾದವು.

ಮುದುಕರ ಜೊತೆ ನಮ್ಮ ಪರವಾಗಿ ಮಾತುಕತೆ ನಡೆಸಿದ್ದವನು ಸಾಹೇಬರ ಹೆಂಡತಿ ಅಮ್ಮಾವರ ತಮ್ಮ. "ಭಾವಮೈದನೇ ಬೆನ್ನಿಗೆ ಚೂರಿ ಹಾಕಿದ" ಎಂದು ಸಾಹೇಬರು ಊರಿಗೆಲ್ಲ ಹೇಳಿದರು. ಆ ಮನೆಗೂ ಈ ಮನೆಗೂ ಹೋಗಿಬರುವುದು ನಿಂತಿತು. ನಾನು ತುಟಿಪಿಟಕ್ಕೆನ್ನಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಹೋದ ವಾರ ಅಮ್ಮಾವರು ಸಾಹೇಬರ ಮೇಜಿನ ಮುಂದೆ ಬಂದು ನಿಂತರು.

"ತಮ್ಮ ಆಸ್ಪತ್ರೆಲಿದಾನೆ. ಡಾಕ್ಟ್ರು ಕೈಚೆಲ್ಲಿದಾರೆ. ಒಂದ್ಸಲ ಮುಖ ನೋಡ್ಕೊಂಡು ಬರ್ತೀನಿ."

"ಅವನ ಸುದ್ದಿ ಎತ್ತಬೇಡ," ಅಂದರು ಸಾಹೇಬರು, ಪತ್ರಿಕೆಯಿಂದ ತಲೆ ಎತ್ತದೆ.

ಪಕ್ಕದಲ್ಲೇ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಫೋನಿನ ವಿಷಯವನ್ನೆಲ್ಲ ಹೇಳಿಬಿಟ್ಟೆ. ಸಾಹೇಬರು ಕತ್ತು ಹಿಡಿದು ಆಚೆ ನೂಕುತ್ತಾರೆ ಅಂದುಕೊಂಡಿದ್ದೆ.

ಅವರು ಪುಟ ತಿರುಗಿಸಿದರು. "ಗೊತ್ತು ಕಣಯ್ಯಾ. ಆವತ್ತು ನಿನ್ನ ಬಾಗಿಲ ಹತ್ರಾನೇ ನಿಂತಿದ್ದೆ. ಆ ಮುದುಕನೇ ಮೊದ್ಲು ಬರ್ಲಿ ಅಂತ ನನಗೂ ಇತ್ತು."

"ಹಾಗಾದ್ರೆ ನನ್ನ ತಮ್ಮ?" ಅಂದರು ಅಮ್ಮಾವರು.

"ಜನಕ್ಕೆ ಏನಾದ್ರೂ ಹೇಳಬೇಕಿತ್ತಲ್ಲ."

ಅಮ್ಮಾವರು ಗಂಡನಿಗೆ ಬೆನ್ನು ಹಾಕಿದರು. ನನ್ನ ಕಡೆ ತಿರುಗಿದರು.

"ಅವರದ್ದು ಬಿಡು, ಕುರ್ಚಿ ಹೋಗಿತ್ತು. ನಿನಗೇನಾಗಿತ್ತೋ? ದಿನಾ ನನ್ನ ಕೈಯಾರೆ ಮಾಡಿಕೊಟ್ಟ ಟೀ ಕುಡೀತಿದ್ದೆಯಲ್ಲ, ಒಂದಿನಾನೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ?"

"ಕಾರು ತರಿಸ್ಲಾ ಅಮ್ಮಾ?" ಅಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು, ಆಸ್ಪತ್ರೆಗೆ ನಡೆದೇ ಹೊರಟರು.