ಒಂಬತ್ತನೇ ಕ್ಲಾಸಿನ ಮರಳುಗಾಡು

“ಇವನೇ ಅಲ್ವೇನ್ರೇ, ಒಂಬತ್ತನೇ ಕ್ಲಾಸಲ್ಲಿ ಗುಡಾರ ಹಾಕ್ಕಂಡು ಕುಂತಿದ್ದೋನು!”

ಮಡಕಶಿರದ ಸ್ತ್ರೀಯರ ಕೂಟದ ವ್ಯಾನಿನಿಂದ ಇಳಿದ ಸೌಭಾಗ್ಯ ಅದನ್ನು ಹೆಣದ ತಲೆಯ ಹತ್ತಿರ ನಿಂತೇ ಹೇಳಿದಳು. ಪವನ್ ಆಗ ಫ್ರೀಜರ್ ಪೆಟ್ಟಿಗೆಯ ವೈರನ್ನು ಕಿಟಕಿಯ ಸರಳುಗಳ ನಡುವೆ ತೂರಿಸುತ್ತಿದ್ದ. ಒಂದು ಕೈ ಮನೆಯೊಳಗೆ, ಒಂದು ಕೈ ಹೊರಗೆ. ತಿರುಗಿ ನೋಡಲೂ ಆಗುವಂತಿರಲಿಲ್ಲ. ಸೌಭಾಗ್ಯಳ ಹಿಂದೆ ಇಳಿದ ಬಿಳಿ ಸೀರೆಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುವುದಕ್ಕೆಂದು ಎತ್ತಿದ ಸೆರಗು ನಗುವುದಕ್ಕೂ ಆಯಿತು.

“ರೂತಮ್ಮಕ್ಕ ಹೇಳ್ತಿದ್ದಂಗೇ ಅವ್ನೆ ನೋಡ್ರೇ. ಅದೇ ಮೂತಿ!”

ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ರಾಯದುರ್ಗದವರೂ ತಿರುಗಿ ನೋಡಿದರು. ಗೊತ್ತಿದ್ದವರು ಗೊತ್ತಿಲ್ಲದವರ ಕಿವಿಗೆ ಬಾಗಿದರು. ಪವನ್ ವೈರನ್ನು ಎಳೆದು ಪ್ಲಗ್ಗಿಗೆ ಸಿಕ್ಕಿಸಿದ. ಪೆಟ್ಟಿಗೆ ಗುಂಯ್ ಎಂದಿತು.

ಪೆಟ್ಟಿಗೆಯಲ್ಲಿದ್ದವಳು ಅವನ ತಾಯಿ. ಡಿ. ಹಿರೇಹಾಳಿನ ಕುರಿಯವರ ಮನೆಯಲ್ಲಿ ಓಬಮ್ಮನಾಗಿ ಹುಟ್ಟಿ, ರಾಯದುರ್ಗದ ಶೆಡ್ಡಿನಲ್ಲಿ ಜೀನ್ಸ್ ಪ್ಯಾಂಟು ಹೊಲಿದು, ದೀಕ್ಷಾಸ್ನಾನದಲ್ಲಿ ಮುಳುಗೆದ್ದು ರೂತಮ್ಮನಾದವಳು. ಸಕ್ಕರೆ ಕಾಯಿಲೆ ಮೊದಲು ಕಾಲನ್ನು ತಿಂದು ಆಮೇಲೆ ಅವಳನ್ನು ತಿಂದಿತ್ತು. ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ಬರೆದಿತ್ತು: ಹಾಸ್ಯ ಪ್ರಸಂಗಿ, ಗ್ರಂಥಕರ್ತೆ, ಸಹೋದರಿ ರೂತಮ್ಮನವರು ಮಹಿಮೆಗೆ ಸೇರಿದರು. ಗ್ರಂಥಗಳು ಎರಡು. ಬಳ್ಳಾರಿಯಲ್ಲಿ ಅಚ್ಚಾಗಿ, ನಡುಬೆನ್ನಿಗೆ ಪಿನ್ನು ಹೊಡೆಸಿಕೊಂಡು ಬಂದವು. ಒಂದು ‘ನೋಹನ ಹೆಂಡತಿಯ ಪೊರಕೆ’, ಇನ್ನೊಂದು ‘ಸ್ವರ್ಗದಲ್ಲಿ ಅಡುಗೆ ಯಾರದು?’ ಫ್ಲೆಕ್ಸಿನ ಫೋಟೋದಲ್ಲಿ ಅವಳು ಮೈಕು ಹಿಡಿದು ನಗುತ್ತಿದ್ದಳು. ಆ ಫೋಟೋ ತೆಗೆದ ದಿನ ಪವನ್ ಶೆಡ್ಡಿನಲ್ಲಿದ್ದ. ಅವಳ ಯಾವ ಫೋಟೋ ತೆಗೆದ ದಿನವೂ ಅವನು ಶೆಡ್ಡಿನಲ್ಲೇ ಇದ್ದ.

ಪಾಸ್ಟರ್ ದೇವದಾನಂ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಾವಿಗೆ ಬಂದಾಗಲೂ ಸೆಂಟು.

“ಪವನ್, ಸಮಾಧಿ ತೋಟದಾಗ ನೀನೂ ಒಂದು ಸಾಕ್ಷಿ ಹೇಳ್ಬೇಕಪ್ಪ. ಭಾಳ ಬ್ಯಾಡ. ನನ್ನಂಥ ಫೇಲಾದ ಹುಡುಗನೂ ಅಮ್ಮನ ಪ್ರಾರ್ಥನಿಂದ ಒಂದು ದಾರಿಗೆ ಬಂದೆ ಅನ್ನು. ಸಾಕು.”

“ನಾ ಫೇಲಾಗಿದ್ದಿಲ್ರಿ.”

“ಅದಾ ನೋಡು. ದೇವರ ದೃಷ್ಟಿಯಾಗ ಯಾರೂ ಫೇಲಲ್ಲ. ಅದನ್ನೂ ಸೇರಿಸು, ಚೆಂದ ಆಗ್ತೈತಿ.”

ಪಾಸ್ಟರ್ ಹೂವಿನ ಹಾರದ ಕಡೆ ಹೋದರು. ಪವನ್ ಅಲ್ಲೇ ನಿಂತ. ಅವನಿಗೆ ಬೇಕಾಗಿದ್ದುದು ಒಂದೇ ವಾಕ್ಯ. ಇವರೆಲ್ಲ ಒಂದೇ ಕಡೆ ಸೇರುವುದು ಇದೇ ಕೊನೆ. ಅವಳ ಮೇಲೆ ಮಣ್ಣು ಬೀಳುವುದರೊಳಗೆ, ಅವಳ ಮುಂದೆಯೇ, ಇವರ ಮುಂದೆಯೇ, ಆ ವಾಕ್ಯ ಹೇಳಿಬಿಡಬೇಕು. ಆಮೇಲೆ ಈ ಬಿಳಿ ಸೀರೆಗಳು ವ್ಯಾನು ಹತ್ತಿ ಎಲ್ಲಿಗಾದರೂ ಹೋಗಲಿ.

*

ಶೆಡ್ಡಿನ ಕಟ್ಟಳೆ ಒಂದೇ: ಮಿಷನ್ ಖಾಲಿ ಬಿಡಬಾರದು. ಬೆಳಿಗ್ಗೆ ಮೋಟಾರಿನ ಸ್ವಿಚ್ಚು ಹಾಕುವ ಹೊತ್ತಿಗೆ ಮಿಷನ್ ಮುಂದೆ ಆ ಮನೆಯವರು ಯಾರಾದರೂ ಕೂತಿರಬೇಕು. ತಾಯಿ ಬಾರದಿದ್ದರೆ ಮಗಳು, ಅಕ್ಕ ಬಾರದಿದ್ದರೆ ತಂಗಿ. ಯಾರೂ ಬಾರದಿದ್ದರೆ ಬಾಗಿಲಲ್ಲಿ ಕಾದು ನಿಂತವರಲ್ಲಿ ಒಬ್ಬಳು ಬಂದು ಕೂರುತ್ತಾಳೆ. ಅಲ್ಲಿಂದ ಆ ಮಿಷನ್ ಅವಳದು. ಹೆರಿಗೆಗೆ ಹೋದವರು ಮಗುವನ್ನು ಎತ್ತಿಕೊಂಡು ವಾಪಸು ಬಂದು, ತಮ್ಮ ಸ್ಟೂಲಿನ ಮೇಲೆ ಇನ್ನೊಬ್ಬಳ ಬೆನ್ನು ನೋಡಿ, ಬಂದ ದಾರಿಯಲ್ಲೇ ಹೋದದ್ದುಂಟು.

ಓಬಮ್ಮ ಆ ಸ್ಟೂಲಿನ ಮೇಲೆ ಕೂತೇ ಮಾತು ಕಲಿತಳು. ಗಂಡ ತಿರುಪ್ಪೂರಿಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿದ್ದ. ಭಾನುವಾರ ಪ್ರಾರ್ಥನೆಗೆ ಹೋಗತೊಡಗಿದಳು. ಸೋಮವಾರ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿಕೊಂಡು, ಭಾನುವಾರ ಕೇಳಿದ ಪ್ರಸಂಗವನ್ನು ತನ್ನ ಬಾಯಲ್ಲಿ ಹೇಳುತ್ತಿದ್ದಳು.

“ನೋಹನ ಹೆಸರು ಐತಿ. ಅವನ ಮಕ್ಕಳ ಹೆಸರು ಐತಿ. ಹೇಣ್ತಿ ಹೆಸರು ಎಲ್ಲಿ ಐತಿ ಹೇಳ್ರಿ? ಇಲ್ಲ! ಆನೆ ಎರಡು, ಎಮ್ಮೆ ಎರಡು, ಒಂಟೆ ಎರಡು. ಹಡಗಿನ ಬಾಗ್ಲಾ ಮುಚ್ಯಾರ. ಹೊರಗ ಮಳಿ. ಅಷ್ಟೂ ಸಗಣಿ ಬಳದಾಕಿ ಯಾರವ್ವಾ? ಆಯಪ್ಪ ಕಿಟಕಿ ತಗದು ಪಾರಿವಾಳ ಬಿಟ್ಟ ಅಂತ ಬರದಾರ. ಯಾಕ ತಗದ? ನಾತ ತಡಿಲಾರ್ದ ತಗದ!”

ಹೆಂಗಸರು ಅನ್ನ ನೆತ್ತಿಗೇರಿಸಿಕೊಂಡು ನಗುತ್ತಿದ್ದರು. ಪಾಸ್ಟರಮ್ಮನ ಕಿವಿಗೂ ಅದು ಬಿತ್ತು. ಮಡಕಶಿರದಲ್ಲಿ ಸ್ತ್ರೀಯರ ಕೂಟ, ಮೂರು ದಿನ, ಬಂದು ಮಾತಾಡಬೇಕು ಎಂದು ಕರೆ ಬಂತು. ಪವನ್ ಒಂಬತ್ತನೇ ಕ್ಲಾಸು ಪಾಸಾಗಿ ಹತ್ತಕ್ಕೆ ಪುಸ್ತಕ ತಂದಿದ್ದ. ಪುಸ್ತಕಕ್ಕೆ ಹಳೇ ಪೇಪರಿನ ರಟ್ಟು ಹಾಕುತ್ತಾ ಕೂತಿದ್ದಾಗ ಅವಳು ಎದುರಿಗೆ ಬಂದು ಕೂತಳು.

“ಮೂರು ದಿನ ನನ್ನ ಮಿಷನ್ ಮ್ಯಾಲೆ ಕುಂದ್ರೋ ನನ್ನ ರಾಜ. ಬೆಲ್ಟಿನ ಲೂಪು ಅಷ್ಟಾ. ಮಂಜುಳಕ್ಕ ಪಕ್ಕದಾಗ ಇರ್ತಾಳ, ಹೇಳಿಕೊಡ್ತಾಳ.”

“ಸ್ಕೂಲು?”

“ಮೂರು ದಿನಕ್ಕ ಸ್ಕೂಲೇನು ಓಡಿಹೋಗ್ತೈತಾ?”

ಸ್ಕೂಲು ಓಡಿಹೋಗಲಿಲ್ಲ, ಇದ್ದಲ್ಲೇ ಇತ್ತು. ಮಡಕಶಿರ ಮುಗಿದರೆ ಗುಡಿಬಂಡೆ, ಗುಡಿಬಂಡೆ ಮುಗಿದರೆ ಅಗಳಿ, ಆಮೇಲೆ ಹಿಂದೂಪುರದಲ್ಲಿ ತೆಲುಗಿನಲ್ಲಿ. ಪ್ರತಿ ಸಲವೂ ವಾಪಸು ಬಂದಾಗ ಅವಳ ಚೀಲದಲ್ಲಿ ಕೂಟದವರು ಕೊಟ್ಟ ಲಾಡು ಇರುತ್ತಿತ್ತು, ಕೊರಳಲ್ಲಿ ಶಾಲು ಇರುತ್ತಿತ್ತು. ದಸರಾ ರಜೆ ಬರುವ ಹೊತ್ತಿಗೆ ಶೆಡ್ಡಿನ ಮೇಸ್ತ್ರಿ ಆ ಮಿಷನ್ನಿಗೆ ‘ಪವನನ ಮಿಷನ್’ ಎನ್ನತೊಡಗಿದ್ದ. ಹುಡುಗನ ಬೆರಳು ಹೆಂಗಸರ ಬೆರಳಿಗಿಂತ ಚುರುಕು ಎಂದೂ ಹೇಳಿದ.

*

ಒಂಬತ್ತನೇ ಕ್ಲಾಸಿನ ಆ ಮಾತನ್ನು ಅವನು ಮೊದಲು ಕೇಳಿದ್ದು ಮಂಜುಳಳ ಫೋನಿನಲ್ಲಿ. ಊಟದ ಹೊತ್ತು. ಮಡಕಶಿರದ ಎರಡನೇ ಕೂಟದ ವೀಡಿಯೊ ಎಲ್ಲರ ವಾಟ್ಸಾಪಿಗೂ ಬಂದಿತ್ತು. ಅವನ ತಾಯಿ ರೇಷ್ಮೆಯಂಥ ಸೀರೆಯುಟ್ಟು, ಮೈಕನ್ನು ಹೀರೇಕಾಯಿ ಹಿಡಿದಂತೆ ಹಿಡಿದು ನಿಂತಿದ್ದಳು.

“ಇಸ್ರಾಯೇಲ್ಯರು ನಲವತ್ತು ವರ್ಷ ಮರಳುಗಾಡಿನಾಗ ತಿರುಗಿದರಂತ. ಅದೇನ್ ದೊಡ್ಡದ್ರೀ? ನನ್ನ ಮಗ ಒಂಬತ್ತನೇ ಕ್ಲಾಸಿನಾಗ ತಿರುಗಾಕತ್ಯಾನ! ಅವರಿಗೆ ಹಗಲೊತ್ತು ಮೋಡ ದಾರಿ ತೋರಿಸ್ತಿತ್ತು. ಇವನಿಗೆ ಐದು ಮಂದಿ ಮೇಷ್ಟ್ರು ತೋರಿಸಿದ್ರು, ದಾರಿ ಸಿಗಲಿಲ್ಲ.” ಇಲ್ಲಿ ಅವಳು ಉಸಿರು ಹಿಡಿದು, ಕತ್ತು ಓರೆ ಮಾಡಿ, ಹೆಂಗಸರನ್ನು ಒಂದು ಸುತ್ತು ನೋಡಿದಳು. “ಅವರಿಗೆ ದೇವರು ತಿನ್ನಾಕ ಆಕಾಶದಿಂದ ಮನ್ನ ಕೊಟ್ಟ. ಇವನಿಗೆ ಮೂರು ಹೊತ್ತೂ ನಾನಾ ಬೇಯಿಸಿ ಹಾಕ್ತೀನಿ!”

ಫೋನಿನೊಳಗಿನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಶೆಡ್ಡಿನವರೂ ನಕ್ಕರು, ಇವನು ಹೇಗೆ ಇಲ್ಲಿಗೆ ಬಂದು ಕೂತ ಎಂದು ಕಣ್ಣಾರೆ ಕಂಡವರು, ಇವನ ಬೆರಳಿಗೆ ಸೂಜಿ ಹೊಕ್ಕಾಗ ಅರಿಶಿನ ಹಚ್ಚಿದವರು. ಮಂಜುಳಳೂ ನಕ್ಕಳು. ಎಲ್ಲರೂ ಅವನ ಮುಖ ನೋಡಿದರು. ಪವನ್ ತಾನೂ ನಕ್ಕ. ಅವರು ನಕ್ಕದ್ದನ್ನು, ಅವಳು ಆಡಿದ್ದನ್ನು ಅವನು ಮರೆಯಲೂಬಹುದಿತ್ತು. ತಾನು ನಕ್ಕದ್ದನ್ನು ಮಾತ್ರ ಅವನು ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವಳು ಒಲೆಯ ಮುಂದಿದ್ದಾಗ ಕೇಳಿದ.

“ನಾ ಯಾವಾಗ ಫೇಲಾಗಿದ್ದೆ?”

ಅವಳು ರೊಟ್ಟಿ ತಿರುವಿ ಹಾಕಿದಳು. “ಮಗನ್ನ ಸ್ಕೂಲು ಬಿಡಿಸಿ ಮಿಷನ್ ಮ್ಯಾಲೆ ಕುಂದ್ರಿಸಿ ಬಂದೀನಿ ಅಂತ ಹೇಳ್ಲಾ ಮೈಕಿನಾಗ?”

“ಹೇಳು.”

“ಹೇಳಿದ್ರ ಅಳ್ತಾರೋ. ಅಳಾಕ ನಮ್ಮ ಮೀಟಿಂಗಿಗೆ ಯಾಕ ಬರ್ತಾರ ಅವರು? ಅದು ಅವರವರ ಮನಿಯಾಗ ಪುಕ್ಕಟೆ ಸಿಗ್ತೈತಿ.”

ಉತ್ತರ ಎಷ್ಟು ಸರಿಯಾಗಿತ್ತೆಂದರೆ ಅವನಿಗೆ ಬಿಸಿ ರೊಟ್ಟಿಯನ್ನು ಅವಳ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ತಿಂದು ಶೆಡ್ಡಿಗೆ ಹೋದ. ಆ ಮಾತು ಎರಡನೇ ಪುಸ್ತಕದಲ್ಲಿ ಅಚ್ಚಾಯಿತು. ಅದಕ್ಕೊಂದು ಚಿತ್ರವೂ ಇತ್ತು: ಚಡ್ಡಿ ಹಾಕಿದ ದಡ್ಡ ಹುಡುಗ, ಪಕ್ಕದಲ್ಲಿ ಒಂಟೆ.

*

ಮಧ್ಯಾಹ್ನ ಹೊನ್ನೂರಪ್ಪ ಬಂದ. ಸತ್ತವಳ ಅಣ್ಣ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತೆಂಗಿನಕಾಯಿ, ಕರ್ಪೂರ. ಪಾಸ್ಟರ್ ಅವನನ್ನು ಶಾಮಿಯಾನದ ಅಂಚಿನಲ್ಲೇ ತಡೆದರು.

“ಅವೆಲ್ಲ ಇಲ್ಲಿ ನಡೆಯಾಂಗಿಲ್ಲ, ಹಿರಿಯಾರೆ.”

“ನನ್ನ ತಂಗಿಗೆ ನಾ ಕಾಯಿ ಒಡೀಬಾರದೇನ್ರಿ?”

“ಆಕಿ ಈಗ ನಿಮ್ಮ ಓಬಮ್ಮ ಅಲ್ಲ.”

ಹೊನ್ನೂರಪ್ಪ ಪೆಟ್ಟಿಗೆಯ ಗಾಜಿನಲ್ಲಿ ಹಣಕಿ ನೋಡಿದ. “ಮೂಗು ಅದಾ ಐತಲ್ರಿ,” ಎಂದ. ಕಾಯಿಯನ್ನು ಕಂಬಳಿಯೊಳಗೆ ಸೇರಿಸಿದ. “ಆತು, ಬ್ಯಾಡ. ಆದರ ಒಂದು ಮಾತು. ಮೊದಲ ಹಿಡಿ ಮಣ್ಣು ಮಗಂದು. ಅದು ಬಿದ್ದ ಮ್ಯಾಲೆ ಉಳಿದವರದು. ಅದಕ್ಕಿಂತ ಮುಂಚೆ ಯಾರಾರ ಮಣ್ಣು ಬಿಟ್ರ, ನಮ್ಮ ಕಡೆ ಹೆಣ ಮಣ್ಣಾಗಾಂಗಿಲ್ಲ ಅಂತಾರ. ಅಷ್ಟು ನಡಸ್ರಿ.”

“ಅದಕ್ಕೇನಂತ, ನಡಸೋಣ,” ಎಂದರು ಪಾಸ್ಟರ್. ಅದರಲ್ಲಿ ಅವರಿಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಸಮಾಧಿ ತೋಟವೆಂದರೆ ಹೆಸರಿಗೆ ತೋಟ. ಜಾಲಿ ಗಿಡ, ಮೊಣಕಾಲೆತ್ತರದ ಸಿಮೆಂಟಿನ ಶಿಲುಬೆಗಳು. ಶವಪೆಟ್ಟಿಗೆ ಗುಂಡಿಗೆ ಇಳಿಯಿತು. ಎಲ್ಲರೂ ಬಾಗಿ ಒಂದೊಂದು ಹಿಡಿ ಮಣ್ಣು ತೆಗೆದುಕೊಂಡು ನಿಂತರು. ಪವನ್ ಗುಂಡಿಯ ತಲೆಯ ಕಡೆ ನಿಂತ. ಮಣ್ಣಿಗೆ ಮುಂಚೆ ಸಾಕ್ಷಿ. ಮೊದಲು ಸೌಭಾಗ್ಯ ಮುಂದೆ ಬಂದಳು. ಈಗ ಕೂಟಗಳಲ್ಲಿ ರೂತಮ್ಮನ ಜಾಗಕ್ಕೆ ಅವಳೇ ಎಂದು ಮಾತಿತ್ತು.

“ಅಕ್ಕ ನಮ್ಮನ್ನ ನಗಿಸ್ತಾನೇ ಬದುಕ್ಸಿದ್ಲು ಕಣ್ರಮ್ಮ. ನಕ್ಕೊಂಡೇ ಕಳಿಸ್ಕೊಡಾನ,” ಎಂದು ಮರಳುಗಾಡನ್ನು ಶುರು ಮಾಡಿದಳು. ಮಗ್ಗಿ ಒಪ್ಪಿಸುವಂತೆ ಹೇಳಿದಳು. ಉಸಿರು ಹಿಡಿಯಬೇಕಾದ ಕಡೆ ಕೆಮ್ಮಿದಳು. ಅಕ್ಕಪಕ್ಕದವರಿಗೆ ಸರಿಯಾಗಿ ಕಾಣಲಿ ಎಂದು ‘ನನ್ನ ಮಗ’ ಎನ್ನುವಾಗ ಪವನನ ಕಡೆಗೆ ಕೈ ತೋರಿಸಿದಳು. ಆದರೂ ನಕ್ಕರು. ತೆರೆದ ಗುಂಡಿಯ ಸುತ್ತ ನಿಂತು, ಮುಷ್ಟಿಯಲ್ಲಿ ಮಣ್ಣು ಹಿಡಿದುಕೊಂಡು, ದೇವರಿಗೆ ಸ್ತೋತ್ರ ಎನ್ನುತ್ತಾ ನಕ್ಕರು.

ಪಾಸ್ಟರ್ ಪವನನಿಗೆ ಕಣ್ಸನ್ನೆ ಮಾಡಿದರು.

“ನಾ ಫೇಲಾಗಿದ್ದಿಲ್ಲ,” ಎಂದ ಪವನ್. ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತು ಸುತ್ತಲೂ ನೋಡಿದ. ತಾಯಿ ಮಾತಿನ ನಡುವೆ ಉಸಿರು ಹಿಡಿಯುತ್ತಿದ್ದ ಕಡೆಯೇ ಅವನ ಮಾತೂ ನಿಂತಿತ್ತು. ಕತ್ತು ತನಗೆ ತಾನೇ ಓರೆಯಾಯಿತು. “ಪಾಸಾಗಿದ್ದೆ.”

ಯಾರೋ ಕಿಸಕ್ ಎಂದರು.

“ಅಮ್ಮ ಮೂರು ದಿನ ಮಿಷನ್ ಮ್ಯಾಲೆ ಕುಂದ್ರು ಅಂದ್ಲು. ಮಿಷನ್ ಹೋಗ್ಬಾರ್ದು ಅಂತ ಕುಂತೆ.” ನಗು ಹಿಂದಿನ ಸಾಲಿಗೂ ಹಬ್ಬಿತು. ಅವನು ಜೋರಾಗಿ ಹೇಳಿದ. “ಎಂಟು ವರ್ಷ ಆತು. ಇನ್ನೂ ಎದ್ದಿಲ್ಲ!”

ಸೌಭಾಗ್ಯಳ ಮಾತಿಗೆ ಬಿದ್ದದ್ದು ನಗುವೇ ಅಲ್ಲ ಅನ್ನಿಸುವಷ್ಟು ನಕ್ಕರು. ಕಣ್ಣೊರೆಸಿಕೊಂಡು ನಕ್ಕರು. ಪಾಸ್ಟರೂ ಬೈಬಲನ್ನು ಎದೆಗೆ ಅವಚಿಕೊಂಡು ನಕ್ಕರು. ಪವನ್ ಮಂಜುಳಳನ್ನು ಹುಡುಕಿದ. ಎಲ್ಲ ಗೊತ್ತಿದ್ದವರಲ್ಲಿ ಇಷ್ಟು ಹತ್ತಿರ ನಿಂತಿದ್ದವಳು ಅವಳೊಬ್ಬಳೇ. ಅವಳ ಮುಖ ಸೆರಗಿನೊಳಗಿತ್ತು, ಹೆಗಲು ಅಲುಗುತ್ತಿತ್ತು. ಅಳುವೋ ನಗುವೋ, ಹೊರಗಿನಿಂದ ಒಂದೇ ಥರ.

“ಅಯ್ಯೋ ನನ್ನಪ್ಪನೇ, ಥೇಟ್ ಅವ್ರಮ್ಮನೇ!” ಸೌಭಾಗ್ಯ ಎದೆ ಮುಟ್ಟಿಕೊಂಡಳು. “ಇಷ್ಟು ದಿನ ಎಲ್ಲಿ ಬಚ್ಚಿಟ್ಕಂಡಿದ್ಯೋ ಇದನ್ನ? ಮುಂದಿನ ತಿಂಗ್ಳು ಅಗಳೀಲಿ ಕೂಟ ಐತೆ. ಅಕ್ಕನ ಜಾಗಕ್ಕೆ ನೀನೇ ಬರ್ತೀಯೇನಪ್ಪ?”

ಪವನ್ ಅವಳನ್ನು ನೋಡಿದ. ಗುಂಡಿಯನ್ನು ನೋಡಿದ. ಆಮೇಲೆ ತಿರುಗಿ, ಶಿಲುಬೆಗಳ ನಡುವೆ ದಾರಿ ಮಾಡಿಕೊಂಡು ನಡೆದ.

“ಪವನ್! ಮಣ್ಣಪ್ಪಾ, ಮಣ್ಣು ಹಾಕಿ ಹೋಗು!” ಪಾಸ್ಟರ್ ಕೂಗಿದರು. ಹಿಡಿ ಮಣ್ಣು ಅವನ ಮುಷ್ಟಿಯಲ್ಲೇ ಇತ್ತು. ಅವನು ಗೇಟು ದಾಟಿದ, ರಸ್ತೆಗೆ ಇಳಿದ, ತಿರುಗಲಿಲ್ಲ.

ಪಾಸ್ಟರ್ ತಮ್ಮ ಕೈಯ ಮಣ್ಣನ್ನು ಗುಂಡಿಯ ಮೇಲೆ ಚಾಚಿದರು. ಹೊನ್ನೂರಪ್ಪ ಕಂಬಳಿಯೊಳಗಿಂದ ಕೈ ತೆಗೆದು ಅವರ ಮಣಿಕಟ್ಟು ಹಿಡಿದ. ಬಿಡಲಿಲ್ಲ. ಗುಂಡಿಯ ಸುತ್ತ ಎಲ್ಲರೂ ಮುಷ್ಟಿ ಮುಂದೆ ಮಾಡಿಕೊಂಡು ರಸ್ತೆಯ ಕಡೆ ನೋಡುತ್ತಾ ನಿಂತರು. ಬೆರಳ ಸಂದಿಯಿಂದ ಕೆಂಪು ಮಣ್ಣು ಸಣ್ಣಗೆ ಸೋರಿ, ಹೆಂಗಸರ ಬಿಳಿ ಸೀರೆಯ ನೆರಿಗೆಯ ಮೇಲೆಯೇ ಬೀಳುತ್ತಿತ್ತು.