ಕಾಲೊನಿ ಮಂದಿ ಯಾಕೆ ಎದ್ದರು

ಶಹಾಬಾದಿನ ಆಚೆ, ಒಂದು ಫರಸಿ ಕಲ್ಲಿನ ಕಂಪನಿಯ ಕಾಲೊನಿಯಲ್ಲಿ ಅಂಬಾರಾಯ ಮಾಸ್ತರ ಆರು ವರ್ಷದಿಂದ ಸಂಜೆ ಶಾಲೆ ನಡೆಸುತ್ತಿದ್ದ. ಆರು ವರ್ಷವೂ ಹಂಗಾಮಿ. ಗುಂಡಗುರ್ತಿಯ ಈ ಮನುಷ್ಯ ಪಾಠಕ್ಕೆ ನಿಂತರೆ ಹುಲಿ, ಮ್ಯಾನೇಜರ್ ಸಾಹೇಬರ ಮುಂದೆ ನಿಂತರೆ ಮಾತ್ರ ಬಾಯಿ ಒಣಗುತ್ತಿತ್ತು. ೧೯೬೯ರ ಆ ಫೆಬ್ರುವರಿಯಲ್ಲಿ ಅವನನ್ನು ಕಾಯಂ ಮಾಡುವ ಕಾಗದ ಸಾಹೇಬರ ಮೇಜಿನ ಮೇಲೆ ಕೂತಿತ್ತು. ಒಂದು ಸಹಿ ಬಿದ್ದರೆ ಕ್ವಾರ್ಟರ್ಸೂ ಸಿಗುತ್ತಿತ್ತು. ಅವನ ಹೆಂಡತಿ ಶಿವಕಾಂತಮ್ಮ ಆಗಲೇ ಊರಿಂದ ಬೀಸುವ ಕಲ್ಲು ತರಿಸಿಟ್ಟಿದ್ದಳು. ಹೆಣ್ಣುಮಗಳ ಆಸೆ, ಏನು ಮಾಡುವುದು!

ಶಾಲೆಗೆ ಬರುವವರು ಹನ್ನೆರಡು ಮಂದಿ, ಹೆಚ್ಚಿನವರು ಹೆಂಗಸರು. ಹಗಲೆಲ್ಲ ಫರಸಿ ಹೊತ್ತು, ಸಂಜೆ ಕೈಕಾಲು ತೊಳೆದುಕೊಂಡು ಏಳನೇ ಇಯತ್ತೆಯ ಪರೀಕ್ಷೆಗೆ ಓದುವವರು. ಅವರಲ್ಲಿ ಕಾಳಗಿ ಕಡೆಯ ಮಾಣಿಕಮ್ಮ ಎಲ್ಲರಿಗಿಂತ ಮುಂದೆ. ಪಾಸಾದರೆ ತಲೆಹೊರೆ ತಪ್ಪಿ ಗೋದಾಮಿನಲ್ಲಿ ಬರೆಯುವ ಕೆಲಸ ಕೊಡುತ್ತೇವೆಂದು ಕಂಪನಿಯೇ ಹೇಳಿತ್ತು. ಹಾಗಾಗಿ ಆಕೆ ಒಂದಕ್ಷರವನ್ನೂ ಬಿಡದೆ ಕೇಳುವವಳು, ಮಾಸ್ತರನಿಗೆ ಸಾಕುಸಾಕಾಗುವಷ್ಟು. ಹಿಂದಿನ ಗೋಡೆಗೆ ಒರಗಿ ಶೌಕತ ಅಲಿ ಕೂಡುತ್ತಿದ್ದ. ಕಲ್ಲು ಸೀಳುವ ಮುದುಕ, ಓದಲು ಅಲ್ಲ, ಹೊತ್ತು ಕಳೆಯಲು ಬರುವವ.

ಆ ಸೋಮವಾರ ಪಾಠ ಅಮೆರಿಕದ್ದು. ‘ವಸಾಹತುಗಾರರು ಬ್ರಿಟಿಷರ ವಿರುದ್ಧ ಬಂಡೆದ್ದರು’ ಎಂದು ಮಾಸ್ತರ ಓದಿದ. ಯಾರ ಮುಖದಲ್ಲೂ ಏನೂ ಇಲ್ಲ.

“ವಸಾಹತು ಅಂದ್ರ ಏನ್ರಿ ಮಾಸ್ತರ?” ಮಾಣಿಕಮ್ಮ ಕೇಳಿದಳು.

“ಇಂಗ್ರೇಜಿಯೊಳಗ ಅದಕ್ಕ ಕಾಲೊನಿ ಅಂತಾರ,” ಎಂದುಬಿಟ್ಟ.

ಅಷ್ಟೇ. ಕೋಣೆಯೆಲ್ಲ ಒಮ್ಮೆಗೇ ನೆಟ್ಟಗೆ ಕೂತಿತು. ಕಾಲೊನಿ ಗೊತ್ತಿಲ್ಲದವರು ಅಲ್ಲಿ ಯಾರಿದ್ದರು? ಹುಟ್ಟಿದ್ದು ಎಲ್ಲೋ, ಒಲೆ ಹೂಡಿದ್ದು ಕಾಲೊನಿಯಲ್ಲಿ.

“ಇಂಗ್ರೇಜ್ರನ್ನ ನಾವು ಎಲ್ಲಿ ನೋಡೀವಿ?” ಎಂದ ಶೌಕತ ಅಲಿ. “ನಮಗ ನಿಜಾಮ ಗೊತ್ತು, ರಜಾಕಾರ ಗೊತ್ತು. ಇವರೇನು ಮಾಡಿದ್ರು, ಆ ಕಾಲೊನಿ ಮಂದಿಗಿ?”

ಮಾಸ್ತರನಿಗೆ ಹುರುಪು ಬಂತು. ರಾಜ ಸಮುದ್ರದಾಚೆ ಕೂತಿದ್ದ, ಅಲ್ಲಿಂದಲೇ ಹುಕುಂ ಬರುತ್ತಿತ್ತು. ಚಹಾಕ್ಕೂ ಕಾಗದಕ್ಕೂ ತೆರಿಗೆ ಹಾಕಿದ. ತೆರಿಗೆಗಿಂತ ಹೆಚ್ಚಾಗಿ ಅವರ ಹೊಟ್ಟೆ ಉರಿದದ್ದು, ಹುಕುಂ ಮಾಡುವ ಜಾಗದಲ್ಲಿ ತಮ್ಮವರು ಒಬ್ಬರೂ ಇರಲಿಲ್ಲವೆಂದು. ಎಲ್ಲವನ್ನೂ ಬಿಡಿಸಿ ಹೇಳಿದ.

“ಅಂದ್ರ ಕೇಳಲಾರ್ದ ಹುಕುಂ ಮಾಡಿದ್ರು,” ಎಂದಳು ಮಾಣಿಕಮ್ಮ.

“ಹಾಂ, ಅಷ್ಟೇ ನೋಡ್ರಿ!”

ಎರಡು ದಿನಕ್ಕೆ ಕಾಲೊನಿಯ ಬಾವಿಗೆ ಬೀಗ ಬಿತ್ತು. ಸಾಹೇಬರ ಬಂಗಲೆಯ ಹೂದೋಟಕ್ಕೆ ನೀರು ಸಾಲದೆಂದು, ಇನ್ನು ಮುಂದೆ ಬೆಳಗಿನ ಏಳರಿಂದ ಎಂಟರವರೆಗೆ ಮಾತ್ರ ಬಾವಿ ತೆರೆಯುವುದು ಎಂದು ಬೋರ್ಡು ಹಾಕಿದರು. ಏಳಕ್ಕೆ ಎಲ್ಲರೂ ಕಲ್ಲಿನ ಖಣಿಯಲ್ಲಿರಬೇಕು. ಎಂಥ ಬುದ್ಧಿವಂತರಪ್ಪ ಈ ಬೋರ್ಡು ಬರೆದವರು! ಗುರುವಾರ ಬೆಳಿಗ್ಗೆ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಬಾವಿಕಟ್ಟೆಯ ಮೇಲೆ ಕೂತರು. ಖಣಿಗೆ ಒಬ್ಬರೂ ಹೋಗಲಿಲ್ಲ.

ಸಾಹೇಬರು ಓಡಿ ಬಂದರು. ಮೈಸೂರು ಕಡೆಯವರು, ಬಿಳಿ ಪ್ಯಾಂಟಿನವರು. ಇದನ್ನೆಲ್ಲ ನಿಮಗೆ ಯಾರು ಕಲಿಸಿದರು ಎಂದು ಗದರಿದರು.

“ಪುಸ್ತಕದಾಗ ಅದರೀ ಸಾಹೇಬ,” ಎಂದಳು ಮಾಣಿಕಮ್ಮ. “ಕಾಲೊನಿ ಮಂದೀನ ಕೇಳಲಾರ್ದ ಹುಕುಂ ಮಾಡಿದ್ರ ಹಿಂಗೇ ಆಗ್ತದ.”

ಆಕೆಗೆ ಅದರಲ್ಲಿ ಕುಚೋದ್ಯವೇನೂ ಇರಲಿಲ್ಲ. ಓದಿದ್ದನ್ನು ಒಪ್ಪಿಸಿದ್ದಳು, ಅಷ್ಟೇ.

ಮಧ್ಯಾಹ್ನ ಮಾಸ್ತರನಿಗೆ ಕರೆ ಬಂತು. ಸಾಹೇಬರು ಕಾಯಂ ಕಾಗದವನ್ನು ಅವನ ಕಣ್ಣೆದುರಿಗೇ ಹಿಡಿದುಕೊಂಡಿದ್ದರು.

“ಏನ್ರೀ ಮೇಷ್ಟ್ರೇ, ದಂಗೆ ಎಬ್ಬಿಸೋಕೆ ಇಟ್ಕೊಂಡಿದ್ದೀವಾ ನಿಮ್ಮನ್ನ?”

“ಇಲ್ರಿ ಸಾಹೇಬ್ರ, ಅವರು ಮಾತು ತಪ್ಪು ತಿಳಕೊಂಡಾರ್ರಿ. ಆ ಕಾಲೊನಿ ಬ್ಯಾರೆ, ಈ ಕಾಲೊನಿ ಬ್ಯಾರೆ.”

“ಅದನ್ನೇ ಇವತ್ತು ಸಾಯಂಕಾಲ ಅವರಿಗೆ ಹೇಳಿ. ನಾನೂ ಬಂದು ಕೂತ್ಕೋತೀನಿ. ಸರಿಯಾಗಿ ಹೇಳಿದ್ರೆ ಅಲ್ಲೇ ಸಹಿ ಹಾಕ್ತೀನಿ.”

ಮಾಸ್ತರ ತಲೆಯಾಡಿಸಿದ. ಹೇಳುವುದರಲ್ಲಿ ಸುಳ್ಳೇನಿದೆ, ಎರಡೂ ಬೇರೆಯೇ ಅಲ್ಲವೇ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಊಟ ಸೇರಲಿಲ್ಲ. ಅವನಿಗೆ ನಾಚಿಕೆಯಾಗಿತ್ತು.

ಸಂಜೆ ಸಾಹೇಬರು ಶಾಲೆಗೆ ಬಂದು ಇದ್ದೊಂದು ಕುರ್ಚಿಯಲ್ಲಿ ಕೂತರು. ಮಾಸ್ತರ ಹಲಗೆಯ ಪಕ್ಕ ನಿಂತ.

“ನೋಡ್ರಿ, ಆ ಕಾಲೊನಿ ಬ್ಯಾರೆ, ನಮ್ಮದು ಬ್ಯಾರೆ. ಅವರು ತಮ್ಮ ನಾಡು ಬಿಟ್ಟು ದೂರ ಹೋಗಿ ನೆಲೆ ನಿಂತವರು.”

“ನಾವೂ ಬಿಟ್ಟು ಬಂದವರೇ ಅಲ್ಲೇನ್ರಿ?” ಎಂದಳು ಮಾಣಿಕಮ್ಮ. “ನಾ ಕಾಳಗಿ, ಈ ಬಸ್ಸಮ್ಮ ಕುಂಚಾವರಂ.”

“ಹೌದು ಖರೇ, ಆದ್ರ ಅವರ ರಾಜ ಸಮುದ್ರದ ಆಚೆ...”

“ನಮ್ಮ ಮಾಲಕರು ಬೊಂಬಾಯಿದಾಗ,” ಎಂದ ಶೌಕತ ಅಲಿ ಹಿಂದಿನಿಂದ. “ಸಮುದ್ರ ಅಲ್ಲೂ ಅದ ಅಂತಾರಲ್ಲ?”

ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಗಂಟಾಯಿತು. ಮಾಸ್ತರ ಅವಸರವಾಗಿ ಹಲಗೆ ಬಡಿದ.

“ಅದೆಲ್ಲ ಬಿಡ್ರಿ. ಆ ಮಂದಿ ಸಿಟ್ಟಿನ ಭರದಾಗ ಎದ್ರು, ಅದು ತಪ್ಪು. ಬರಕೋರಿ.”

ಮಾಣಿಕಮ್ಮ ಬರೆದುಕೊಳ್ಳಲಿಲ್ಲ. ಸೋಮವಾರ ಬರೆದುಕೊಂಡ ಪುಟ ತೆಗೆದು ಹಿಡಿದಳು.

“ಅಂದು ಬ್ಯಾರೆ ಹೇಳಿದ್ರಿ, ಇಂದು ಬ್ಯಾರೆ ಹೇಳಾಕತ್ತೀರಿ. ನಾ ಜಗಳಕ್ಕ ಕೇಳಾಕತ್ತಿಲ್ರಿ ಮಾಸ್ತರ. ಪರೀಕ್ಷಾದಾಗ ಈ ಪ್ರಶ್ನಿ ಬಂದ್ರ ಯಾವುದು ಬರೀಲಿ? ತಪ್ಪಾದ್ರ ಮತ್ತ ನನಗ ತಲೆಹೊರೆನೇ ಗತಿ.”

ಮಾಸ್ತರ ಆಕೆಯ ಕೈ ನೋಡಿದ. ಪುಸ್ತಕ ಹಿಡಿದ ಬೆರಳುಗಳ ತುದಿಯಲ್ಲಿ ಚರ್ಮ ಕಿತ್ತು ಬಂದಿತ್ತು. ಆಮೇಲೆ ಕುರ್ಚಿಯ ಕಡೆ ನೋಡಿದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಸಾಹೇಬರಿಗೆ ಸುಳ್ಳು ಹೇಳಬಹುದಿತ್ತು, ಶಿವಕಾಂತಮ್ಮನಿಗೂ ಹೇಳಬಹುದಿತ್ತು. ಪರೀಕ್ಷೆಗೆ ಕೂಡುವವಳಿಗೆ ತಪ್ಪು ಉತ್ತರ ಹೇಳಲು ಮಾತ್ರ ಅವನ ಬಾಯಿ ಏಳಲಿಲ್ಲ.

“ಮೊದಲು ಬರಕೊಂಡಿದ್ದೇ ಖರೇ,” ಎಂದ. “ಅವರನ್ನ ಯಾರೂ ಕೇಳಿರಲಿಲ್ಲ. ಅದಕ್ಕ ಎದ್ರು. ಹಂಗೇ ಬರೀರಿ.”

ಸಾಹೇಬರು ಪೆನ್ನು ಮುಚ್ಚಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡು ಎದ್ದರು.

“ನಾಳೆಯಿಂದ ನೀವು ಬರಬೇಡಿ ಮೇಷ್ಟ್ರೇ. ಏಳ್ರಮ್ಮ ಎಲ್ಲರೂ, ಶಾಲೆ ಮುಗೀತು.”

ಯಾರೂ ಏಳಲಿಲ್ಲ. ಬಸ್ಸಮ್ಮ ಪಕ್ಕದವಳ ಕಡೆ ನೋಡಿದಳು, ಪಕ್ಕದವಳು ಪಾಟಿ ನೋಡುತ್ತ ಕೂತಳು. ಸಾಹೇಬರು ಬಾಗಿಲಲ್ಲಿ ಒಂದು ಗಳಿಗೆ ನಿಂತರು, ಮತ್ತೊಮ್ಮೆ “ಏಳಿ” ಎಂದರು, ಆಮೇಲೆ ಹೊರಟುಹೋದರು.

ಅಂಬಾರಾಯನಿಗೆ ಅಳು ಬಂದಂತಾಗಿ ಹಲಗೆಯ ಕಡೆ ತಿರುಗಿಕೊಂಡ. ಆರು ವರ್ಷ ಹೋಯಿತು, ಮನೆ ಹೋಯಿತು, ಶಿವಕಾಂತಮ್ಮನಿಗೆ ಏನು ಹೇಳುವುದೋ ತಿಳಿಯದು. ಬೆನ್ನ ಹಿಂದೆ ಪುಟ ತಿರುವುವ ಸಪ್ಪಳ ಕೇಳಿತು.

“ಇವತ್ತಿನ ಪಾಠ ಇನ್ನಾ ಉಳದದರೀ ಮಾಸ್ತರ,” ಎಂದಳು ಮಾಣಿಕಮ್ಮ. “ಎದ್ದ ಮ್ಯಾಲ ಏನು ಮಾಡಿದ್ರು, ಅದನ್ನ ಹೇಳ್ರಿ.”