ಪಟ್ಟಿಯಲ್ಲಿಲ್ಲದ ಬೆಣ್ಣೆ

ಅತ್ತಿಗೆಯ ಅಡುಗೆಮನೆಯಿಂದ ಬೆಣ್ಣೆಯ ಡಬ್ಬಿ ಎತ್ತಿಕೊಂಡು ಹೊರಗೆ ಬಂದವಳು ನಾನೇ. ಎದೆನೋವೆಂದು ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ ಅಣ್ಣ ಮನೆಗೆ ಬಂದ ಮಧ್ಯಾಹ್ನ ಅದು. ಹೃದಯದ ಒಂದು ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿದೆ, ಸಕ್ಕರೆ ಗಡಿಯಲ್ಲಿ ನಿಂತಿದೆ, ಕೆಟ್ಟ ಕೊಲೆಸ್ಟ್ರಾಲ್ ಅಂತೂ ಗಡಿ ದಾಟಿ ಬಹಳ ದೂರ ಹೋಗಿದೆ ಎಂದು ಡಾಕ್ಟರು ಹೇಳಿದ್ದರು. ಮಾತ್ರೆಯಿಂದ, ಊಟದಿಂದ ಅದನ್ನು ಆರು ತಿಂಗಳಲ್ಲಿ ಇಳಿಸಬೇಕು, ಇನ್ನೊಂದು ಸಲ ಹೀಗಾದರೆ ಉಳಿಸುತ್ತೇನೆಂದು ಮಾತು ಕೊಡಲಾರೆ ಎಂದಿದ್ದರು. ಇಷ್ಟು ಕೇಳಿಕೊಂಡು ಬಂದವಳಿಗೆ ಒಲೆಯ ಪಕ್ಕದಲ್ಲೇ ಆ ಡಬ್ಬಿ ಕಂಡರೆ ಮೈ ಉರಿಯದೆ ಇರುತ್ತದೆಯೇ?

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಮಾತಿನಲ್ಲಿ ಇನ್ನೂ ಕಡಿಮೆ. ಇಷ್ಟು ವರ್ಷ ಗಂಡನಿಗೆ ಬಡಿಸಿದ್ದೇನು ನೀನು ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಸಂಜೆ ಹೊತ್ತಿಗೆ ಅಂಗಡಿಗೆ ಹೋಗಿ ಸಣ್ಣದೊಂದು ತಕ್ಕಡಿ ತಂದಿದ್ದಳು, ಗ್ರಾಂ ಲೆಕ್ಕದಲ್ಲಿ ತೂಗುವಂಥದ್ದು.

ಅಣ್ಣನ ಕೆಲಸದ ಬಗ್ಗೆ ಹೇಳಲೇಬೇಕು. ನಾವಿಬ್ಬರೂ ಒಂದೇ ಡೇರಿಯಲ್ಲಿ ಇರುವವರು. ಅವನು ಬೆಣ್ಣೆಯ ರುಚಿ ನೋಡುವವನು, ನಾನು ಆ ಕೋಣೆಯನ್ನು ತೊಳೆದು ಒರೆಸುವವಳು. ಕಡೆದು ಬಂದ ಒಂದೊಂದು ಕಂತಿನಿಂದ ಟೊಳ್ಳು ಉಕ್ಕಿನ ಕಡ್ಡಿಯಲ್ಲಿ ಒಂದಿಷ್ಟು ಬೆಣ್ಣೆ ತೆಗೆದು ಬಾಯಿಗಿಟ್ಟು, ಹುಳಿ ಎಷ್ಟು, ಹಸು ಏನು ಮೇಯ್ದಿದೆ, ಕೆನೆ ಎಷ್ಟು ಹೊತ್ತು ಹೊರಗಿತ್ತು ಎಂದೆಲ್ಲ ಅಣ್ಣ ಹೇಳುತ್ತಾನೆ. ಯಂತ್ರ ಸರಿ ಎಂದದ್ದನ್ನು ಅವನು ಬೇಡವೆಂದು ಹಿಂದಕ್ಕೆ ಕಳಿಸಿದ್ದುಂಟು, ಆಮೇಲೆ ಅವನ ಮಾತೇ ನಿಜವಾದದ್ದೂ ಉಂಟು. ಡೇರಿಯಲ್ಲಿ ಅವನನ್ನು ಎಲ್ಲರೂ ‘ನಾಲಿಗೆ’ ಎಂದೇ ಕರೆಯುತ್ತಾರೆ. ಮೂವತ್ತೊಂದು ವರ್ಷದ ಹೆಸರು ಅದು. ಅಣ್ಣನಿಗೆ ನಾಲಿಗೆ, ತಂಗಿಗೆ ಬಾಯಿ ಎಂದು ನಗುವವರೂ ಇದ್ದಾರೆ.

ಆಸ್ಪತ್ರೆಯಲ್ಲಿ ಆಹಾರದ ವಿಷಯ ಹೇಳಲು ದಪ್ಪ ಕನ್ನಡಕದ ಹುಡುಗಿಯೊಬ್ಬಳಿದ್ದಳು. ಅಣ್ಣ ಅವಳನ್ನೇ ಪರೀಕ್ಷೆ ಮಾಡಿದ. ಹಾಲಿನ ಕೊಬ್ಬು ಹಾಲಿನ ಕೊಬ್ಬೇ ತಾನೇ, ಮೊಸರಿಗೂ ಚೀಸಿಗೂ ಹೂಂ ಅಂದವರು ಬೆಣ್ಣೆಗೆ ಮಾತ್ರ ಯಾಕೆ ಊಹೂಂ ಅನ್ನುತ್ತೀರಿ ಎಂದು ಕೇಳಿದ. ಹುಡುಗಿ ಬೇಸರಿಸದೆ ಹೇಳಿದಳು. ಹಾಲಿನಲ್ಲಿ ಕೊಬ್ಬಿನ ಪ್ರತಿಯೊಂದು ಹನಿಗೂ ತೆಳುವಾದ ಪೊರೆ ಇರುತ್ತದೆ, ಕಡೆದಾಗ ಅದು ಒಡೆದುಹೋಗುತ್ತದೆ. ಅಷ್ಟೇ ಕೊಬ್ಬನ್ನು ಚೀಸಿನಲ್ಲಿ ತಿಂದವರಿಗಿಂತ ಬೆಣ್ಣೆಯಲ್ಲಿ ತಿಂದವರಿಗೆ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚು ಏರಿದ್ದನ್ನು ಕೆಲವು ಪರೀಕ್ಷೆಗಳಲ್ಲಿ ನೋಡಿದ್ದಾರೆ. ಪೊರೆಯಿಂದಲೋ, ಸುಣ್ಣದ ಅಂಶದಿಂದಲೋ, ಹುದುಗು ಬಂದದ್ದರಿಂದಲೋ, ಪೂರ್ತಿ ಯಾರಿಗೂ ಗೊತ್ತಿಲ್ಲ. ಹಾಗಂತ ಚೀಸನ್ನು ಮುಕ್ಕಬೇಡಿ, ಅದಕ್ಕೂ ಅಳತೆ ಇದೆ. ಇಷ್ಟು ಹೇಳಿ ಒಂದು ಪುಸ್ತಕ ಕೊಟ್ಟಳು. ದಿನವೂ ಗಂಟಲಿನಿಂದ ಕೆಳಗಿಳಿದದ್ದನ್ನೆಲ್ಲ ಅದರಲ್ಲಿ ಬರೆಯಬೇಕಂತೆ.

ಆ ಪುಸ್ತಕವನ್ನು ಅತ್ತಿಗೆ ಮೂರು ತಿಂಗಳು ಬರೆದಳು. ಮೊಸರು ನೂರೈವತ್ತು ಗ್ರಾಂ, ಚೀಸ್ ಇಪ್ಪತ್ತು, ಎಣ್ಣೆ ಎರಡು ಚಮಚ, ಬೆಣ್ಣೆ ಇಲ್ಲ. ಅಣ್ಣ ಒಂದು ತಿಂಗಳ ರಜೆ ಮುಗಿಸಿ ಕೆಲಸಕ್ಕೆ ಹೋದ ಮೇಲೂ ಬುತ್ತಿಯನ್ನು ತೂಗಿಯೇ ಕಟ್ಟಿದಳು. ಅವನೂ ಗೊಣಗದೆ ತಿಂದ, ಬೆಳಿಗ್ಗೆ ನಡೆದ, ಮಾತ್ರೆ ತಪ್ಪಿಸಲಿಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಮೂರನೆಯ ತಿಂಗಳು ರಕ್ತ ಕೊಟ್ಟೆವು. ಮಾತ್ರೆಯಿಂದ ಮೊದಲ ತಿಂಗಳು ಸ್ವಲ್ಪ ಇಳಿದಿದ್ದ ಸಂಖ್ಯೆ ಮತ್ತೆ ಮೇಲಕ್ಕೆ ಹೋಗಿತ್ತು. ಸೊಂಟ ಒಂದು ಬೆರಳಿನಷ್ಟೂ ಕರಗಿರಲಿಲ್ಲ. ಕನ್ನಡಕದ ಹುಡುಗಿ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. ಇದರಲ್ಲಿ ಬರೆದದ್ದು ನಿಜವಾದರೆ ಈ ಸಂಖ್ಯೆ ಬರಬಾರದು ಎಂದಳು, ಯಾರ ಮುಖವನ್ನೂ ನೋಡದೆ.

“ಹಾಗಾದ್ರೆ ಬರೆದದ್ದೇ ಸುಳ್ಳು,” ಎಂದೆ ನಾನು.

ಎಲ್ಲರೆದುರು ಹೇಳಿಬಿಟ್ಟೆ. ಅತ್ತಿಗೆ ಚೀಲದ ಹಿಡಿಯನ್ನು ಹಿಡಿದುಕೊಂಡು ನೆಲ ನೋಡುತ್ತ ಕೂತಳು. ಅಣ್ಣ ಹಾಗೆಲ್ಲ ಅನ್ನಬೇಡ ಎಂದನೇ ಹೊರತು ಅವಳು ಸುಳ್ಳು ಬರೆದಿಲ್ಲ ಎನ್ನಲಿಲ್ಲ. ಮಾತ್ರೆ ಹೆಚ್ಚು ಮಾಡಿ ಕಳಿಸಿದರು.

ಮರುದಿನ ಎಂದಿನಂತೆ ರುಚಿಯ ಕೋಣೆ ತೊಳೆಯುತ್ತಿದ್ದೆ. ರುಚಿ ನೋಡುವವರು ಮೂವರು, ಉಗುಳಲು ಒಬ್ಬೊಬ್ಬರಿಗೆ ಒಂದು ಬೋಗುಣಿ. ಎರಡನ್ನು ಬಿಸಿನೀರಿನಲ್ಲಿ ಉಜ್ಜಿ ಕವುಚಿಟ್ಟು, ಮೂರನೆಯದಕ್ಕೆ ಅಭ್ಯಾಸದಂತೆ ಬರೀ ಬಟ್ಟೆ ಆಡಿಸಿದೆ. ಅದು ಅಣ್ಣನದು. ಅವನು ಉಗುಳುವುದಿಲ್ಲ. ನುಂಗಿದ ಮೇಲೆ ಗಂಟಲಲ್ಲಿ ಉಳಿಯುವುದೇ ಬೆಣ್ಣೆಯ ನಿಜವಾದ ರುಚಿ ಎನ್ನುತ್ತಾನೆ. ನಮ್ಮಣ್ಣನ ಬೋಗುಣಿ ತೊಳೆಯುವ ಕೆಲಸವೇ ಇಲ್ಲ ಎಂದು ಇಷ್ಟು ವರ್ಷ ಜಂಬದಿಂದ ಹೇಳಿಕೊಂಡು ತಿರುಗಿದವಳು ನಾನು. ಬಟ್ಟೆ ಹಿಡಿದ ಕೈ ಅಲ್ಲೇ ನಿಂತುಹೋಯಿತು.

ಪಕ್ಕದ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಕಡ್ಡಿಯ ತುದಿಯ ಒಂದು ತುಣುಕು ತೂಗಿ ನೋಡಿದೆ. ಮೂರು ಗ್ರಾಂ. ಗೋಡೆಯ ಹಲಗೆಯಲ್ಲಿ ಆ ದಿನದ ಕಂತುಗಳು ಇಪ್ಪತ್ತೆಂಟು. ಎಂಬತ್ತನಾಲ್ಕು ಗ್ರಾಂ ಬೆಣ್ಣೆ, ದಿನವೂ, ವಾರಕ್ಕೆ ಆರು ದಿನ. ಅತ್ತಿಗೆ ಅಲ್ಲಿ ಚೀಸನ್ನು ಇಪ್ಪತ್ತು ಗ್ರಾಂ ತೂಗಿ ಕತ್ತರಿಸುತ್ತಿದ್ದಳು.

ಮಧ್ಯಾಹ್ನ ಉಳಿದಿಬ್ಬರು ಹೊರಗೆ ಹೋದಾಗ ಅಣ್ಣನ ಎದುರು ಹೋಗಿ ನಿಂತೆ.

“ಅಣ್ಣ, ಇದನ್ನ ಪುಸ್ತಕದಲ್ಲಿ ಬರೆಸಿದ್ದೀಯಾ?”

“ಯಾವುದನ್ನ?”

“ಈಗ ನುಂಗಿದೆಯಲ್ಲ, ಅದನ್ನ.”

ಅವನು ಕೈಯಲ್ಲಿದ್ದ ಕಡ್ಡಿಯನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ಅದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. “ಇದು ತಿನ್ನೋದಲ್ಲ ಕಣೇ,” ಎಂದ. “ಇದು ಕೆಲಸ.”

ನಾನು ತೂಕ ಹೇಳಿದೆ. ಅವನು ಹಲಗೆಯ ಕಡೆ ತಿರುಗಿ ಮನಸ್ಸಿನಲ್ಲೇ ಗುಣಿಸಿದ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ. ಉಗುಳಲು ಕಲಿ ಎಂದೆ. ನನ್ನೆದುರಿಗೇ ಒಂದು ತುಣುಕು ಬಾಯಿಗಿಟ್ಟು, ಆಡಿಸಿ, ಬೋಗುಣಿಗೆ ಉಗಿದ. ಮತ್ತೊಂದು. ಮತ್ತೊಂದು. ಕೊನೆಗೆ ತಲೆಯಾಡಿಸಿದ. ಮೂರರಲ್ಲಿ ಒಂದು ಹಳೆಯ ಕೆನೆಯದು ಎಂದು ಕಂತುಗಳ ಪಟ್ಟಿಯಲ್ಲೇ ಇತ್ತಂತೆ, ಯಾವುದೆಂದು ಅವನಿಗೆ ತಿಳಿಯಲಿಲ್ಲ.

ಆಗ ಅವನು ಕೇಳಿದ್ದು ನನ್ನ ಹೊಟ್ಟೆಯಲ್ಲಿ ಈಗಲೂ ಕೂತಿದೆ. ನಿವೃತ್ತಿಗೆ ಇನ್ನು ಎರಡು ವರ್ಷ ಅಷ್ಟೇ, ಅಲ್ಲಿಯವರೆಗೆ ಈ ಮಾತು ಈ ಕೋಣೆಯಲ್ಲೇ ಇರಲಿ ಎಂದ. ಡಾಕ್ಟರಿಗೆ ತಿಳಿದರೆ ಈ ಕೆಲಸ ಬೇಡವೆಂದು ಬರೆದುಕೊಡುತ್ತಾರೆ. ಈ ನಾಲಿಗೆ ಬಿಟ್ಟರೆ ತನ್ನಲ್ಲಿ ಇನ್ನೇನಿದೆ, ಪೆಟ್ಟಿಗೆಗೆ ಚೀಟಿ ಅಂಟಿಸಬೇಕೇ ಎಂದ. ಕಂತು ಕಡಿಮೆ ಮಾಡಿಸಿಕೊಳ್ಳುತ್ತೇನೆ ಎಂದೂ ಹೇಳಿದ. ಚಿಕ್ಕಂದಿನಿಂದ ಅವನು ನನ್ನಲ್ಲಿ ಏನನ್ನೂ ಬೇಡಿದವನಲ್ಲ. ಹೂಂ ಎಂದುಬಿಡಲು ಬಾಯಿ ತೆರೆದಿದ್ದೆ. ಆಸ್ಪತ್ರೆಯಲ್ಲಿ ನೆಲ ನೋಡುತ್ತ ಕೂತ ಅತ್ತಿಗೆ ಕಣ್ಣಮುಂದೆ ಬಂದಳು. ತಪ್ಪು ಮಾಡದವಳ ತಲೆಯ ಮೇಲೆ ಗೂಬೆ ಕೂರಿಸಿದವಳು ನಾನು. ಈಗ ಗೊತ್ತಿದ್ದೂ ಸುಮ್ಮನಿದ್ದರೆ ನಾನು ಮನುಷ್ಯಳೇ?

ಅಣ್ಣನಿಗೆ ಉತ್ತರ ಕೊಡದೆ, ಪಾಳಿ ಮುಗಿಯುವ ಮೊದಲೇ ಮೇಲಿನವರಿಗೆ ಹೇಳಿ ಅವನ ಮನೆಗೆ ಹೊರಟೆ.

ಅತ್ತಿಗೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಮೇಜಿನ ಮೇಲೆ ಈಗ ಎರಡು ತಕ್ಕಡಿಗಳು. ಹಳೆಯದು ತಪ್ಪು ತೋರಿಸುತ್ತಿದೆಯೇನೋ ಎಂದು ಬೆಳಿಗ್ಗೆ ಇನ್ನೊಂದನ್ನು ತಂದಿದ್ದಳಂತೆ. ಒಂದೇ ಬ್ರೆಡ್ಡಿನ ತುಂಡನ್ನು ಅದರಲ್ಲಿಟ್ಟು, ಇದರಲ್ಲಿಟ್ಟು ನೋಡುತ್ತಿದ್ದಳು. ನಾನು ಮತ್ತೆ ಜಗಳಕ್ಕೆ ಬಂದೆನೆಂದುಕೊಂಡು ಎದ್ದು ನಿಂತಳು.

ಕೂತ್ಕೋ ಎಂದೆ. ನಿಂತೇ ಎಲ್ಲ ಹೇಳಿದೆ: ಬೋಗುಣಿ, ಕಡ್ಡಿ, ಎಂಬತ್ತನಾಲ್ಕು ಗ್ರಾಂ, ದಿನವೂ ಅದರ ಮೇಲೆ ಬಟ್ಟೆ ಆಡಿಸಿದ ನನ್ನ ಕೈ. ನನ್ನನ್ನು ಕ್ಷಮಿಸು ಎಂದೆ. ಮದುವೆಯಾಗಿ ಅವಳು ಈ ಮನೆಗೆ ಬಂದಂದಿನಿಂದ ನಾನು ಆ ಮಾತು ಆಡಿರಲಿಲ್ಲ. ಅವಳು ಕೋಪಿಸಿಕೊಳ್ಳಬಹುದು, ಹೊರಗೆ ಹೋಗು ಎನ್ನಬಹುದು ಎಂದುಕೊಂಡಿದ್ದೆ. ಅವಳು ಬ್ರೆಡ್ಡಿನ ತುಂಡನ್ನು ತಟ್ಟೆಗೆ ಹಾಕಿ ಎರಡೂ ಕೈಯಿಂದ ಮೇಜು ಹಿಡಿದುಕೊಂಡಳು.

“ಮೂರು ತಿಂಗಳಿಂದ ನಾನೇ ಇವರನ್ನ ಸಾಯಿಸ್ತಾ ಇದ್ದೀನಿ ಅಂದ್ಕೊಂಡಿದ್ದೆ,” ಎಂದಳು. “ಎಲ್ಲಿ ತಪ್ತಾ ಇದ್ದೀನಿ ಅಂತ ಗೊತ್ತಾಗ್ತಾ ಇರ್ಲಿಲ್ಲ. ಹಾಗಾದ್ರೆ ನನ್ನಿಂದಲ್ಲ, ಅಲ್ವಾ?”

ಅವಳು ಮತ್ತೆ ಕೇಳಿದಳು, ಸಣ್ಣ ಮಗು ಕೇಳುವ ಹಾಗೆ.

“ನನ್ನಿಂದಲ್ಲ ಅಲ್ವಾ?”

“ನಿನ್ನಿಂದಲ್ಲ,” ಎಂದ ಅಣ್ಣ.

ನನ್ನ ಹಿಂದೆಯೇ ಅವನೂ ಕೆಲಸ ಬಿಟ್ಟು ಬಂದಿದ್ದ. ನನ್ನ ಬಾಯಿ ಮುಚ್ಚಿಸಲು ಬಂದಿದ್ದನೋ ಏನೋ, ನಾನು ಇವತ್ತಿಗೂ ಕೇಳಿಲ್ಲ. ಬಾಗಿಲಲ್ಲಿ ನಿಂತು ಕೊನೆಯದನ್ನೆಲ್ಲ ಕೇಳಿಸಿಕೊಂಡಿದ್ದ. ಒಳಗೆ ಬಂದು, ಪುಸ್ತಕವನ್ನು ಎಳೆದುಕೊಂಡು, ಅತ್ತಿಗೆಯ ಅಕ್ಷರಗಳ ಕೆಳಗೆ ತನ್ನ ಕೈಯಾರೆ ಬೆಣ್ಣೆ ಎಂದು ಬರೆದ, ಮುಂದೆ ಎಂಬತ್ತನಾಲ್ಕು ಎಂದು ಬರೆದ. ನಾಳೆ ಮ್ಯಾನೇಜರಿಗೆ ಹೇಳುತ್ತೇನೆ, ಚೀಟಿ ಅಂಟಿಸುವ ಕೆಲಸವಾದರೂ ಸರಿ ಎಂದ. ಆಮೇಲೆ ಅವಳ ಎದುರಿನ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತ. ನಮ್ಮಪ್ಪ ಸತ್ತಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.